ಸೆಟ್ಟಿಂಗ್ಸ್ ವಿಂಡೋ ತೆರೆದ ಕ್ಷಣದಲ್ಲೇ ಮುಚ್ಚಿಕೊಳ್ಳುತ್ತಿದೆ: ವಿಂಡೋಸ್ 11

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಹೋಮ್ ಆವೃತ್ತಿಯಿದೆ. ಸುಮಾರು ಹತ್ತು ದಿನಗಳಿಂದ ಅದರಲ್ಲಿ ಸೆಟ್ಟಿಂಗ್ಸ್ ತೆರೆಯುತ್ತಿಲ್ಲ. ಸ್ಟಾರ್ಟ್ ಮೆನುವಿನಲ್ಲಿರುವ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿದರೂ, ವಿಂಡೋಸ್ ಕೀಲಿಯ ಜೊತೆ ಐ ಅಕ್ಷರವನ್ನು ಒತ್ತಿದರೂ, ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಆರಿಸಿದರೂ ಆಗುವುದು ಒಂದೇ: ನೀಲಿ ಹಿನ್ನೆಲೆಯ ಒಂದು ವಿಂಡೋ ಅರೆಕ್ಷಣ ಕಾಣಿಸಿಕೊಂಡು ಮಾಯವಾಗುತ್ತದೆ. ದೋಷದ ಸಂದೇಶವೇನೂ ಬರುವುದಿಲ್ಲ. ಉಳಿದಂತೆ ಕಂಪ್ಯೂಟರ್ ಚೆನ್ನಾಗಿಯೇ ಇದೆ; ಬ್ರೌಸರ್, ಕಡತಗಳು, ವೈಫೈ ಎಲ್ಲವೂ ಎಂದಿನಂತೆ ಕೆಲಸ ಮಾಡುತ್ತಿವೆ.

ನಾನು ಈವರೆಗೆ ಮಾಡಿರುವುದನ್ನೂ ಹೇಳುತ್ತೇನೆ. ಕಂಪ್ಯೂಟರನ್ನು ಹಲವು ಬಾರಿ ರೀಸ್ಟಾರ್ಟ್ ಮಾಡಿದ್ದೇನೆ. ಆಂಟಿವೈರಸ್‌ನ ತ್ವರಿತ ತಪಾಸಣೆ ಮಾಡಿದಾಗ ಏನೂ ಸಿಗಲಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ ಆದೇಶವನ್ನು ನಡೆಸಿದಾಗ, ಸಿಸ್ಟಂ ಕಡತಗಳಲ್ಲಿ ಯಾವ ಲೋಪವೂ ಕಂಡುಬಂದಿಲ್ಲ ಎಂಬ ಉತ್ತರ ಬಂತು. ಸೆಟ್ಟಿಂಗ್ಸ್ ಆ್ಯಪನ್ನು ರೀಸೆಟ್ ಮಾಡಬೇಕೆಂದು ಹಲವರು ಸೂಚಿಸುತ್ತಾರೆ, ಆದರೆ ಆ ರೀಸೆಟ್ ಬಟನ್ ಇರುವುದೇ ಸೆಟ್ಟಿಂಗ್ಸ್‌ನ ಒಳಗೆ. ಅಲ್ಲಿಗೆ ಹೋಗುವುದೇ ಸಾಧ್ಯವಾಗುತ್ತಿಲ್ಲ.

ಈ ಲ್ಯಾಪ್‌ಟಾಪನ್ನು ಹೆಚ್ಚಾಗಿ ಬಳಸುವವರು ನನ್ನ ತಂದೆಯವರು. ಅವರ ದೃಷ್ಟಿ ಈಚೆಗೆ ಮಂದವಾಗಿರುವುದರಿಂದ ಪರದೆಯ ಮೇಲಿನ ಅಕ್ಷರಗಳ ಗಾತ್ರವನ್ನು ಹೆಚ್ಚಿಸಿಕೊಡಬೇಕಾಗಿದೆ. ಅದಕ್ಕೂ ಸೆಟ್ಟಿಂಗ್ಸ್ ಬೇಕು. ಅವರ ವರ್ಷಗಳ ಫೋಟೋಗಳು, ಪತ್ರಗಳು ಮತ್ತು ಇಮೇಲ್‌ಗಳು ಇದೇ ಖಾತೆಯಲ್ಲಿ ಇರುವುದರಿಂದ ವಿಂಡೋಸನ್ನು ಹೊಸದಾಗಿ ಹಾಕಿಸಲು ನನಗೆ ಮನಸ್ಸಿಲ್ಲ. ಬೇರೆ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಆ್ಯಪನ್ನು ರೀಸೆಟ್ ಮಾಡಲು ಸೆಟ್ಟಿಂಗ್ಸ್‌ನ ಒಳಗೇ ಹೋಗಬೇಕೆಂದಿಲ್ಲ, ಪವರ್‌ಶೆಲ್ ಎಂಬ, ಆದೇಶಗಳನ್ನು ಟೈಪ್ ಮಾಡಿ ನಡೆಸುವ ಸಾಧನದ ಮೂಲಕವೂ ಮಾಡಬಹುದು. ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರನ್ನು ತೆರೆದು, ವಿವರಗಳ ಪುಟದಲ್ಲಿ ಸಿಸ್ಟಂಸೆಟ್ಟಿಂಗ್ಸ್ ಎಂಬ ಹೆಸರಿನ ಪ್ರೋಗ್ರಾಂ ಇದ್ದರೆ ಅದನ್ನು ಕೊನೆಗೊಳಿಸಿ, ಮತ್ತೊಮ್ಮೆ ತೆರೆದು ನೋಡಿ. ಕೆಲವೊಮ್ಮೆ ಅದು ಅಮಾನತಿನ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದರಿಂದ ಪ್ರಯೋಜನವಾಗದಿದ್ದರೆ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್ ಡಾಟ್ ಇಮ್ಮರ್ಸಿವ್‌ಕಂಟ್ರೋಲ್‌ಪ್ಯಾನಲ್ ಎಂಬ ಪ್ಯಾಕೇಜನ್ನು ಗೆಟ್-ಆ್ಯಪ್ಎಕ್ಸ್‌ಪ್ಯಾಕೇಜ್ ಆದೇಶದಿಂದ ಹುಡುಕಿ, ನಡುವೆ ಒಂದು ಪೈಪ್ ಚಿಹ್ನೆಯನ್ನು ಹಾಕಿ ಅದನ್ನು ರೀಸೆಟ್-ಆ್ಯಪ್ಎಕ್ಸ್‌ಪ್ಯಾಕೇಜ್ ಆದೇಶಕ್ಕೆ ಒಪ್ಪಿಸಿ. ಸೆಟ್ಟಿಂಗ್ಸ್ ಆ್ಯಪಿನ ನಿಜವಾದ ಹೆಸರು ಅದೇ. ಅದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಇಮ್ಮರ್ಸಿವ್‌ಕಂಟ್ರೋಲ್‌ಪ್ಯಾನಲ್ ಎಂಬ ಉಪಫೋಲ್ಡರಿನಿಂದ ನಡೆಯುತ್ತದೆ. ಇಲ್ಲಿ ನಾನು ಕನ್ನಡದಲ್ಲಿ ಬರೆದಿರುವ ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಇದೂ ಫಲಿಸದಿದ್ದರೆ, ಕಡತಗಳನ್ನು ಉಳಿಸಿಕೊಂಡು ವಿಂಡೋಸನ್ನು ರೀಸೆಟ್ ಮಾಡುವ ಆಯ್ಕೆಯೊಂದೇ ಉಳಿಯುತ್ತದೆ ಎಂದು ನನಗೆ ತೋರುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಆರಿಸಿದರೆ, ಸೆಟ್ಟಿಂಗ್ಸ್ ತೆರೆಯದಿದ್ದರೂ ಆ ಆಯ್ಕೆ ಸಿಗುತ್ತದೆ.

ಎರಡನೆಯ ಉತ್ತರ

ದಯವಿಟ್ಟು ಈಗಲೇ ರೀಸೆಟ್ ಮಾಡಬೇಡಿ. ಕಡತಗಳು ಉಳಿಯುತ್ತವೆ ಎಂಬುದು ನಿಜ, ಆದರೆ ನೀವು ಹಾಕಿಕೊಂಡಿರುವ ಪ್ರೋಗ್ರಾಂಗಳೆಲ್ಲ ಹೋಗುತ್ತವೆ, ಅವುಗಳನ್ನು ಮತ್ತೆ ಒಂದೊಂದಾಗಿ ಹಾಕಿ ಹೊಂದಿಸಬೇಕಾಗುತ್ತದೆ. ವಯಸ್ಸಾದವರು ರೂಢಿ ಮಾಡಿಕೊಂಡ ಕಂಪ್ಯೂಟರಿನಲ್ಲಿ ಅದು ಸಣ್ಣ ತೊಂದರೆಯಲ್ಲ. ನಿಮ್ಮ ಸಮಸ್ಯೆಯ ಮೂಲ ಎಲ್ಲಿದೆ ಎಂಬುದು ಇನ್ನೂ ಗೊತ್ತಾಗಿಲ್ಲ. ಅದು ಗೊತ್ತಾಗುವ ಮೊದಲು ಚಿಕಿತ್ಸೆಯನ್ನು ಆರಿಸಿಕೊಳ್ಳುವುದು ಸರಿಯಲ್ಲ.

ಸೆಟ್ಟಿಂಗ್ಸ್ ತೆರೆಯದಿರಲು ಕಾರಣ ಮೂರು ಕಡೆಗಳಲ್ಲಿ ಇರಬಹುದು. ವಿಂಡೋಸಿನ ಸ್ವಂತ ಕಡತಗಳು ಹಾಳಾಗಿರಬಹುದು. ಆಗ ಕಂಪ್ಯೂಟರಿನ ಎಲ್ಲ ಖಾತೆಗಳಿಗೂ ಅದೇ ತೊಂದರೆಯಿರುತ್ತದೆ. ಒಬ್ಬ ಬಳಕೆದಾರರ ಖಾತೆಯಲ್ಲಿ ಶೇಖರವಾಗಿರುವ ಆ್ಯಪಿನ ಮಾಹಿತಿ ಕೆಟ್ಟಿರಬಹುದು. ಆಗ ಆ ಖಾತೆಗೆ ಮಾತ್ರ ತೊಂದರೆ. ಮೂರನೆಯದನ್ನು ಹೆಚ್ಚಿನವರು ನೆನೆಯುವುದೇ ಇಲ್ಲ: ಏನೂ ಕೆಡದೆ, ಸೆಟ್ಟಿಂಗ್ಸನ್ನು ತೆರೆಯಕೂಡದು ಎಂಬ ನಿರ್ಬಂಧವನ್ನು ಯಾರೋ ಅಥವಾ ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ದತ್ತಸಂಗ್ರಹದಲ್ಲಿ) ಬರೆದಿಟ್ಟಿರಬಹುದು. ಬಾಗಿಲು ಕೆಟ್ಟಿರುವುದಕ್ಕೂ ಬಾಗಿಲಿಗೆ ಬೀಗ ಬಿದ್ದಿರುವುದಕ್ಕೂ ಇರುವ ವ್ಯತ್ಯಾಸ ಇದು. ಎಸ್‌ಎಫ್‌ಸಿ ತಪಾಸಿಸುವುದು ವಿಂಡೋಸಿನ ಸಂರಕ್ಷಿತ ಕಡತಗಳನ್ನು ಮಾತ್ರ, ಆದ್ದರಿಂದ ನಿಮಗೆ ಬಂದ ಉತ್ತರ ಮೊದಲನೆಯ ಸಾಧ್ಯತೆಯನ್ನು ಬಹುಮಟ್ಟಿಗೆ ದೂರ ಮಾಡುತ್ತದೆಯೇ ಹೊರತು ಉಳಿದೆರಡರ ಬಗ್ಗೆ ಏನನ್ನೂ ಹೇಳುವುದಿಲ್ಲ.

ವಿಂಡೋ ಅರೆಕ್ಷಣ ಕಂಡು ಮಾಯವಾಗುತ್ತದೆ, ಸಂದೇಶವಿಲ್ಲ ಎಂದು ನೀವು ಬರೆದಿರುವುದರಿಂದ ನನಗೆ ಮೂರನೆಯದರ ಮೇಲೆ ಅನುಮಾನವಿದೆ. ಅದನ್ನು ಖಚಿತಪಡಿಸಿಕೊಳ್ಳಲು ಮೂರು ಪರೀಕ್ಷೆಗಳನ್ನು ಮಾಡಿ. ಯಾವುದೂ ಕಂಪ್ಯೂಟರಿಗೆ ಹಾನಿ ಮಾಡುವಂಥದ್ದಲ್ಲ.

ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿದರೆ ರನ್ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಕಂಟ್ರೋಲ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಳೆಯ ಕಂಟ್ರೋಲ್ ಪ್ಯಾನಲ್ ತೆರೆಯಬೇಕು. ಕಂಟ್ರೋಲ್ ಪ್ಯಾನಲ್ 1985ರ ಮೊದಲ ವಿಂಡೋಸಿನಿಂದಲೂ ಇರುವ ಕಾರ್ಯಕ್ರಮ, ಸೆಟ್ಟಿಂಗ್ಸ್ ಆ್ಯಪಿನ ಪೂರ್ವರೂಪ ಬಂದದ್ದು 2012ರ ವಿಂಡೋಸ್ 8ರಲ್ಲಿ. ಇವೆರಡೂ ಬೇರೆ ಬೇರೆ ಪ್ರೋಗ್ರಾಂಗಳು. ಒಂದರ ಕಡತ ಕೆಟ್ಟರೆ ಇನ್ನೊಂದೂ ಕೆಡಬೇಕಾದ ಕಾರಣವಿಲ್ಲ. ಆದರೆ ನಿರ್ಬಂಧವಿದ್ದರೆ ಅದು ಎರಡಕ್ಕೂ ಒಟ್ಟಿಗೇ ಅನ್ವಯವಾಗುತ್ತದೆ, ಮತ್ತು ಕಂಟ್ರೋಲ್ ಪ್ಯಾನಲ್ ಸುಮ್ಮನೆ ಮುಚ್ಚಿಕೊಳ್ಳದೆ ಒಂದು ಸಂದೇಶವನ್ನು ತೋರಿಸುತ್ತದೆ. ಆ ಸಂದೇಶವನ್ನು ನೀವು ಪೂರ್ತಿಯಾಗಿ ಓದಬೇಕು.

ಎರಡನೆಯದಾಗಿ ಈವೆಂಟ್ ವ್ಯೂವರನ್ನು ತೆರೆದು, ವಿಂಡೋಸ್ ಲಾಗ್ಸ್ ಎಂಬಲ್ಲಿ ಅಪ್ಲಿಕೇಷನ್ ವಿಭಾಗವನ್ನು ನೋಡಿ. ಯಾವುದೇ ಪ್ರೋಗ್ರಾಂ ಕುಸಿದು ಬಿದ್ದರೆ ಸಾಮಾನ್ಯವಾಗಿ ಅಲ್ಲಿ 1000 ಎಂಬ ಸಂಖ್ಯೆಯ ದೋಷದ ದಾಖಲೆ ಬೀಳುತ್ತದೆ, ಕುಸಿದ ಪ್ರೋಗ್ರಾಂನ ಹೆಸರೂ ಅದರಲ್ಲಿರುತ್ತದೆ. ಸೆಟ್ಟಿಂಗ್ಸ್ ತೆರೆಯಲು ಪ್ರಯತ್ನಿಸಿದ ಸಮಯವನ್ನು ಗುರುತು ಹಾಕಿಕೊಂಡು, ಆ ಹೊತ್ತಿನಲ್ಲಿ ಸಿಸ್ಟಂಸೆಟ್ಟಿಂಗ್ಸ್ ಹೆಸರಿನ ದಾಖಲೆ ಇದೆಯೇ ಎಂದು ಹುಡುಕಿ. ಇದ್ದರೆ ಅದು ಕುಸಿಯುತ್ತಿದೆ; ಇಲ್ಲದಿದ್ದರೆ ಅದು ತಾನಾಗಿ ನಿರ್ಗಮಿಸುತ್ತಿರುವ ಸಾಧ್ಯತೆ ಹೆಚ್ಚು.

ಮೂರನೆಯದು ಹೊಸ ಖಾತೆ. ಸೆಟ್ಟಿಂಗ್ಸ್ ಇಲ್ಲದೆಯೂ ಅದನ್ನು ರಚಿಸಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ನೆಟ್ ಎಂದು ಬರೆದು, ಜಾಗ ಬಿಟ್ಟು ಯೂಸರ್, ಮತ್ತೆ ಜಾಗ ಬಿಟ್ಟು ನಿಮಗಿಷ್ಟವಾದ ಒಂದು ಹೆಸರು, ಕೊನೆಗೆ ಮುಂದಕ್ಕೆ ವಾಲಿದ ಗೆರೆಯ ಜೊತೆ ಆ್ಯಡ್ ಎಂದು ಬರೆದರೆ ಪಾಸ್‌ವರ್ಡ್ ಇಲ್ಲದ ಖಾತೆ ಸಿದ್ಧವಾಗುತ್ತದೆ. ಸೈನ್ ಔಟ್ ಆಗಿ ಆ ಖಾತೆಗೆ ಹೋಗಿ ಸೆಟ್ಟಿಂಗ್ಸ್ ತೆರೆದು ನೋಡಿ.

ಇದೆಲ್ಲ ಮುಗಿಯುವವರೆಗೆ ನಿಮ್ಮ ತಂದೆಯವರು ಕಾಯಬೇಕಾಗಿಲ್ಲ. ವಿಂಡೋಸ್ ಕೀಲಿಯ ಜೊತೆ ಕೂಡಿಸುವ ಚಿಹ್ನೆಯನ್ನು ಒತ್ತಿದರೆ ಮ್ಯಾಗ್ನಿಫೈಯರ್ ತೆರೆದು ಪರದೆ ದೊಡ್ಡದಾಗುತ್ತದೆ. ವಿಂಡೋಸ್ ಕೀಲಿಯ ಜೊತೆ ಎಸ್ಕೇಪ್ ಒತ್ತಿದರೆ ಅದು ಮುಚ್ಚುತ್ತದೆ. ಬ್ರೌಸರಿನೊಳಗೆ ಕಂಟ್ರೋಲ್ ಕೀಲಿ ಮತ್ತು ಕೂಡಿಸುವ ಚಿಹ್ನೆ ಸಾಕು.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಧನ್ಯವಾದಗಳು. ಮ್ಯಾಗ್ನಿಫೈಯರನ್ನು ತಂದೆಯವರಿಗೆ ತೋರಿಸಿಕೊಟ್ಟೆ. ಅವರು ಇಂದು ಬೆಳಗ್ಗೆ ಅದನ್ನು ಬಳಸಿಯೇ ಪತ್ರಗಳನ್ನು ಓದಿದರು.

ಮೊದಲ ಉತ್ತರದಲ್ಲಿ ಹೇಳಿದಂತೆ ಪವರ್‌ಶೆಲ್ಲಿನಿಂದ ರೀಸೆಟ್ ಮಾಡಿದೆ. ಆದೇಶ ದೋಷವಿಲ್ಲದೆ ನಡೆಯಿತು, ಆದರೆ ಸೆಟ್ಟಿಂಗ್ಸ್ ಮೊದಲಿನಂತೆಯೇ ಮಿಂಚಿ ಮರೆಯಾಯಿತು.

ಆಮೇಲೆ ಮೂರೂ ಪರೀಕ್ಷೆಗಳನ್ನು ಮಾಡಿದೆ. ರನ್ ಪೆಟ್ಟಿಗೆಯಲ್ಲಿ ಕಂಟ್ರೋಲ್ ಎಂದು ಬರೆದು ಎಂಟರ್ ಒತ್ತಿದಾಗ ಒಂದು ಸಣ್ಣ ಪೆಟ್ಟಿಗೆ ಬಂತು. ಈ ಕಂಪ್ಯೂಟರಿನಲ್ಲಿ ಜಾರಿಯಲ್ಲಿರುವ ನಿರ್ಬಂಧಗಳ ಕಾರಣ ಈ ಕಾರ್ಯವನ್ನು ರದ್ದುಪಡಿಸಲಾಗಿದೆ, ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂಬುದು ಅದರ ಸಾರಾಂಶ. ಈವೆಂಟ್ ವ್ಯೂವರಿನಲ್ಲಿ 1000ದ ದಾಖಲೆಗಳು ಕೆಲವು ಇವೆಯಾದರೂ ಅವು ಹಳೆಯ ಪ್ರಿಂಟರ್ ಪ್ರೋಗ್ರಾಂ ಒಂದಕ್ಕೆ ಸಂಬಂಧಿಸಿದವು. ಸೆಟ್ಟಿಂಗ್ಸ್‌ನ ಹೆಸರಿನಲ್ಲಿ ಒಂದೂ ಇಲ್ಲ. ಹೊಸ ಖಾತೆಯಲ್ಲಿ ಸೆಟ್ಟಿಂಗ್ಸ್ ಯಾವ ತೊಂದರೆಯೂ ಇಲ್ಲದೆ ತೆರೆಯಿತು.

ಇದು ಮನೆಯ ಕಂಪ್ಯೂಟರ್. ಯಾವ ಕಚೇರಿಗೂ ಸೇರಿದ್ದಲ್ಲ, ಇದರ ಅಡ್ಮಿನಿಸ್ಟ್ರೇಟರ್ ನಾನೇ. ಹಾಗಿರುವಾಗ ನಿರ್ಬಂಧ ಎಲ್ಲಿಂದ ಬಂತು? ಆಲೋಚಿಸಿದಾಗ ಒಂದು ಸಂಗತಿ ನೆನಪಾಯಿತು. ಸುಮಾರು ಎರಡು ವಾರಗಳ ಹಿಂದೆ ವಿಂಡೋಸನ್ನು ಹಗುರಗೊಳಿಸುವ ಮತ್ತು ಖಾಸಗಿತನವನ್ನು ಕಾಪಾಡುವ ಒಂದು ಉಚಿತ ಸಾಧನವನ್ನು ಈ ಖಾತೆಯಲ್ಲಿ ನಡೆಸಿದ್ದೆ. ಅದರಲ್ಲಿ ಶಿಫಾರಸು ಮಾಡಿದ್ದನ್ನೆಲ್ಲ ಅನ್ವಯಿಸು ಎಂಬ ಬಟನ್ ಇತ್ತು, ಒಂದೊಂದು ಸಾಲನ್ನೂ ಓದದೆ ಅದನ್ನು ಒತ್ತಿದೆ. ಸಮಸ್ಯೆ ಆರಂಭವಾದದ್ದು ಅದಾದ ಕೆಲವು ದಿನಗಳ ನಂತರ ಎಂದು ನಾನು ಭಾವಿಸಿದ್ದೆ, ಆದರೆ ಆ ನಡುವೆ ನಾನು ಸೆಟ್ಟಿಂಗ್ಸನ್ನು ತೆರೆದೇ ಇರಲಿಲ್ಲ ಎಂಬುದು ಈಗ ಅರಿವಾಗುತ್ತಿದೆ.

ಎರಡನೆಯ ಉತ್ತರ ಬರೆದವರ ಮುಂದುವರಿಕೆ

ನೀವು ಕೊಟ್ಟ ವಿವರಗಳು ಒಂದಕ್ಕೊಂದು ಸರಿಯಾಗಿ ಹೊಂದುತ್ತಿವೆ. ಕುಸಿತದ ದಾಖಲೆಯಿಲ್ಲ, ಕಂಟ್ರೋಲ್ ಪ್ಯಾನಲ್ಲಿಗೂ ತಡೆಯಿದೆ, ಹೊಸ ಖಾತೆಯಲ್ಲಿ ತಡೆಯಿಲ್ಲ. ಹಾಗಾದರೆ ನಿರ್ಬಂಧವಿರುವುದು ನಿಮ್ಮ ತಂದೆಯವರ ಖಾತೆಗೆ ಸೇರಿದ ರಿಜಿಸ್ಟ್ರಿ ಭಾಗದಲ್ಲಿ. ಇಡೀ ಕಂಪ್ಯೂಟರಿಗೆ ಅನ್ವಯವಾಗುವ ಭಾಗದಲ್ಲಿದ್ದಿದ್ದರೆ ಹೊಸ ಖಾತೆಗೂ ಅದೇ ಗತಿಯಾಗುತ್ತಿತ್ತು. ರೀಸೆಟ್ ಆದೇಶ ಏಕೆ ಫಲಿಸಲಿಲ್ಲ ಎಂಬುದಕ್ಕೂ ಇದೇ ಉತ್ತರ: ಅದು ಆ್ಯಪಿನ ಸ್ವಂತ ಮಾಹಿತಿಯನ್ನು ಅಳಿಸುತ್ತದೆ, ನಿರ್ಬಂಧವನ್ನು ಮುಟ್ಟುವುದಿಲ್ಲ.

ಹಳೆಯ ಖಾತೆಗೆ ಮರಳಿ, ರನ್ ಪೆಟ್ಟಿಗೆಯಲ್ಲಿ ರೆಜ್‌ಎಡಿಟ್ ಎಂದು ಬರೆದು ರಿಜಿಸ್ಟ್ರಿ ಎಡಿಟರನ್ನು ತೆರೆಯಿರಿ. ಎಡಭಾಗದಲ್ಲಿ ಎಚ್‌ಕೀ ಕರೆಂಟ್ ಯೂಸರ್ ಎಂಬುದನ್ನು ಬಿಚ್ಚಿ, ಅದರೊಳಗೆ ಕ್ರಮವಾಗಿ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಕೊನೆಗೆ ಎಕ್ಸ್‌ಪ್ಲೋರರ್ ಎಂಬಲ್ಲಿಗೆ ಹೋಗಿ. ಕರೆಂಟ್‌ವರ್ಷನ್‌ನ ನೇರ ಕೆಳಗೂ ಎಕ್ಸ್‌ಪ್ಲೋರರ್ ಎಂಬ ಇನ್ನೊಂದು ಫೋಲ್ಡರ್ ಇದೆ. ನಮಗೆ ಬೇಕಾದದ್ದು ಪಾಲಿಸೀಸ್‌ನ ಒಳಗಿರುವುದು, ಇದರಲ್ಲಿ ತಪ್ಪಬೇಡಿ. ಬಲಭಾಗದಲ್ಲಿ ನೋಕಂಟ್ರೋಲ್‌ಪ್ಯಾನಲ್ ಎಂಬ ಹೆಸರಿದ್ದು ಅದರ ಮೌಲ್ಯ 1 ಎಂದಿದ್ದರೆ ಅದೇ ಬೀಗ.

ಬದಲಿಸುವ ಮೊದಲು ಆ ಎಕ್ಸ್‌ಪ್ಲೋರರ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಆರಿಸಿ, ಒಂದು ಪ್ರತಿಯನ್ನು ಉಳಿಸಿಕೊಳ್ಳಿ. ರಿಜಿಸ್ಟ್ರಿಯಲ್ಲಿ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ಪಡೆಯುವ ಅನ್‌ಡೂ ಇಲ್ಲ, ಆದ್ದರಿಂದ ಈ ಹೆಜ್ಜೆಯನ್ನು ಬಿಡಬಾರದು. ಆಮೇಲೆ ನೋಕಂಟ್ರೋಲ್‌ಪ್ಯಾನಲ್ ಸಾಲನ್ನು ಮಾತ್ರ ಅಳಿಸಿ, ಅಥವಾ ಅದರ ಮೌಲ್ಯವನ್ನು 0 ಮಾಡಿ. ಅಲ್ಲಿರುವ ಬೇರೆ ಸಾಲುಗಳನ್ನು ಅರ್ಥ ತಿಳಿಯದೆ ಅಳಿಸಬೇಡಿ. ನಂತರ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆಗಿ.

ಒಂದು ದಿನದ ನಂತರ ಅದೇ ಜಾಗವನ್ನು ಮತ್ತೊಮ್ಮೆ ನೋಡಿ. ಮೌಲ್ಯ ಮತ್ತೆ 1 ಆಗಿದ್ದರೆ, ಯಾವುದೋ ಪ್ರೋಗ್ರಾಂ ಅದನ್ನು ಪದೇ ಪದೇ ಬರೆಯುತ್ತಿದೆ ಎಂದರ್ಥ. ಕೆಲವು ದುರುದ್ದೇಶದ ತಂತ್ರಾಂಶಗಳೂ ಬಳಕೆದಾರರು ತಮ್ಮನ್ನು ತೆಗೆದುಹಾಕದಂತೆ ಇದೇ ನಿರ್ಬಂಧವನ್ನು ಹೇರುತ್ತವೆ, ಹೀಗಾಗಿ ತ್ವರಿತ ತಪಾಸಣೆಯ ಬದಲು ಪೂರ್ಣ ತಪಾಸಣೆಯನ್ನು ಒಮ್ಮೆ ಮಾಡುವುದು ಅಗತ್ಯ.

ಇದನ್ನು ಓದುತ್ತಿರುವ ಇತರರಿಗೆ ಒಂದು ವಿನಂತಿ. ನಿಮ್ಮ ಕಂಪ್ಯೂಟರ್ ಕಚೇರಿಯದ್ದೋ ಶಾಲೆಯದ್ದೋ ಆಗಿದ್ದು ಇದೇ ಸಂದೇಶ ಬಂದರೆ, ನಿರ್ಬಂಧವನ್ನು ಉದ್ದೇಶಪೂರ್ವಕವಾಗಿ ಹಾಕಿರುತ್ತಾರೆ. ಅಲ್ಲಿ ರಿಜಿಸ್ಟ್ರಿಯಲ್ಲಿ ಅಳಿಸಿದರೂ ಗ್ರೂಪ್ ಪಾಲಿಸಿ, ಅಂದರೆ ಸಂಸ್ಥೆಯು ತನ್ನ ಕಂಪ್ಯೂಟರುಗಳಿಗೆ ಒಂದೆಡೆಯಿಂದ ಹೇರುವ ನಿಯಮಗಳ ವ್ಯವಸ್ಥೆ, ಅದನ್ನು ಮತ್ತೆ ಬರೆಯಬಹುದು. ಡೊಮೈನಿಗೆ (ಸಂಸ್ಥೆಯ ಕೇಂದ್ರೀಯ ಜಾಲಕ್ಕೆ) ಸೇರಿದ ಕಂಪ್ಯೂಟರುಗಳಲ್ಲಿ ಆ ನವೀಕರಣ ಸಾಮಾನ್ಯವಾಗಿ 90 ನಿಮಿಷಗಳಿಂದ ಎರಡು ಗಂಟೆಗಳಿಗೊಮ್ಮೆ ನಡೆಯುತ್ತಿರುತ್ತದೆ. ಅದನ್ನು ನಿರ್ವಹಿಸುವವರನ್ನೇ ಕೇಳಬೇಕು.

ಮೂರನೆಯ ಉತ್ತರ

ನನಗೂ ಸೆಟ್ಟಿಂಗ್ಸ್ ತೆರೆಯದ ತೊಂದರೆ ಬಂದಿತ್ತು, ಆದರೆ ಲಕ್ಷಣಗಳು ಬೇರೆ. ಮೇಲಿನ ಮಾರ್ಗ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬ ಕಾರಣಕ್ಕೆ ಇಲ್ಲಿ ಸೇರಿಸುತ್ತಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನಲ್ ಸರಿಯಾಗಿ ತೆರೆಯುತ್ತಿತ್ತು, ಹೊಸ ಖಾತೆಯಲ್ಲೂ ಸೆಟ್ಟಿಂಗ್ಸ್ ತೆರೆಯುತ್ತಿರಲಿಲ್ಲ, ಮತ್ತು ಈವೆಂಟ್ ವ್ಯೂವರಿನಲ್ಲಿ ಸಿಸ್ಟಂಸೆಟ್ಟಿಂಗ್ಸ್ ಹೆಸರಿನ 1000ದ ದಾಖಲೆಗಳು ಸಾಲಾಗಿ ಇದ್ದವು. ಅಪ್‌ಡೇಟ್ ನಡೆಯುತ್ತಿದ್ದಾಗ ವಿದ್ಯುತ್ ಹೋದದ್ದು ಇದಕ್ಕೆ ಮೂಲ.

ಎಸ್‌ಎಫ್‌ಸಿ ನಡೆಸಿದಾಗ, ಹಾಳಾದ ಕಡತಗಳು ಸಿಕ್ಕಿವೆ ಆದರೆ ಕೆಲವನ್ನು ಸರಿಪಡಿಸಲಾಗಲಿಲ್ಲ ಎಂಬ ಉತ್ತರ ಬಂತು. ಕಾರಣವೇನೆಂದರೆ, ಎಸ್‌ಎಫ್‌ಸಿ ಒಳ್ಳೆಯ ಪ್ರತಿಯನ್ನು ತೆಗೆದುಕೊಳ್ಳುವುದು ಕಂಪ್ಯೂಟರಿನಲ್ಲೇ ಇರುವ ಕಾಂಪೊನೆಂಟ್ ಸ್ಟೋರ್ ಎಂಬ ಉಗ್ರಾಣದಿಂದ. ಉಗ್ರಾಣದ ಪ್ರತಿಯೂ ಹಾಳಾಗಿದ್ದರೆ ಅದು ಏನು ಮಾಡೀತು? ಮೊದಲು ಡಿಸ್ಮ್ ಆದೇಶವನ್ನು ಆನ್‌ಲೈನ್, ಕ್ಲೀನಪ್-ಇಮೇಜ್ ಮತ್ತು ರಿಸ್ಟೋರ್‌ಹೆಲ್ತ್ ಎಂಬ ಮೂರು ಸೂಚನೆಗಳೊಂದಿಗೆ ನಡೆಸಿ ಉಗ್ರಾಣವನ್ನು ಸರಿಪಡಿಸಿ, ಆಮೇಲೆ ಎಸ್‌ಎಫ್‌ಸಿ ನಡೆಸಿದೆ. ಮೂರು ಸೂಚನೆಗಳ ಆರಂಭದಲ್ಲೂ ಮುಂದಕ್ಕೆ ವಾಲಿದ ಗೆರೆ ಇರಬೇಕು. ಡಿಸ್ಮ್ ಬಹಳ ಹೊತ್ತು ಒಂದೇ ಅಂಕಿಯ ಮೇಲೆ ನಿಂತಂತೆ ತೋರುತ್ತದೆ, ನನ್ನಲ್ಲಿ ಶೇಕಡಾ 62ರ ಹತ್ತಿರ ನಿಂತಿತ್ತು. ನಿಂತಿದೆ ಎಂದು ಭಾವಿಸಿ ನಾನು ಮೊದಲ ಬಾರಿ ವಿಂಡೋವನ್ನು ಮುಚ್ಚಿಬಿಟ್ಟೆ. ಎರಡನೆಯ ಬಾರಿ ಕಾದಾಗ ಅದು ಮುಗಿಯಿತು, ಎಸ್‌ಎಫ್‌ಸಿಯೂ ಎಲ್ಲವನ್ನೂ ಸರಿಪಡಿಸಿತು, ರೀಸ್ಟಾರ್ಟ್ ಆದ ಮೇಲೆ ಸೆಟ್ಟಿಂಗ್ಸ್ ತೆರೆಯಿತು.

ಪ್ರಶ್ನೆ ಕೇಳಿದವರ ಮರುಬರಹ

ಪಾಲಿಸೀಸ್‌ನ ಒಳಗಿನ ಎಕ್ಸ್‌ಪ್ಲೋರರ್ ಫೋಲ್ಡರಿನಲ್ಲಿ ನೋಕಂಟ್ರೋಲ್‌ಪ್ಯಾನಲ್ ಇತ್ತು, ಮೌಲ್ಯ 1 ಎಂದೇ ಇತ್ತು. ಪ್ರತಿಯನ್ನು ಉಳಿಸಿಕೊಂಡು, ಆ ಒಂದು ಸಾಲನ್ನು ಅಳಿಸಿ, ಸೈನ್ ಔಟ್ ಆಗಿ ಬಂದ ಕೂಡಲೇ ಸೆಟ್ಟಿಂಗ್ಸ್ ತೆರೆಯಿತು. ಮೊದಲು ಮಾಡಿದ ಕೆಲಸವೆಂದರೆ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಅಕ್ಷರಗಳ ಗಾತ್ರವನ್ನು ಶೇಕಡಾ 150ಕ್ಕೆ ಏರಿಸಿದ್ದು.

ಆ ಉಚಿತ ಸಾಧನವನ್ನು ಮತ್ತೆ ತೆರೆದು ಅದರ ಪಟ್ಟಿಯನ್ನು ಈ ಬಾರಿ ಸಾಲುಸಾಲಾಗಿ ಓದಿದೆ. ಕಂಟ್ರೋಲ್ ಪ್ಯಾನಲ್ಲಿಗೆ ಪ್ರವೇಶವನ್ನು ತಡೆ ಎಂಬ ಸಾಲು ಅಲ್ಲಿ ಸ್ಪಷ್ಟವಾಗಿಯೇ ಇದೆ, ಶಿಫಾರಸುಗಳ ಗುಂಪಿನಲ್ಲೇ ಇದೆ. ಸಾಧನವನ್ನು ತೆಗೆದುಹಾಕಿದ್ದೇನೆ. ಅದಾಗಿ ಎರಡು ದಿನಗಳಾದವು. ಇಂದು ರಿಜಿಸ್ಟ್ರಿಯನ್ನು ನೋಡಿದಾಗ ಆ ಮೌಲ್ಯ ಮರಳಿ ಬಂದಿಲ್ಲ. ಪೂರ್ಣ ತಪಾಸಣೆ ಮೂರು ಗಂಟೆಗೂ ಹೆಚ್ಚು ಹೊತ್ತು ನಡೆದು, ಏನೂ ಸಿಕ್ಕಿಲ್ಲ ಎಂದು ತಿಳಿಸಿತು. ಪರೀಕ್ಷೆಗೆಂದು ರಚಿಸಿದ ಖಾತೆಯನ್ನು ಅಳಿಸಬಹುದೇ ಎಂಬುದೊಂದೇ ಉಳಿದಿರುವ ಸಂದೇಹ.

ಎರಡನೆಯ ಉತ್ತರ ಬರೆದವರ ಮುಂದುವರಿಕೆ

ಅಳಿಸಬಹುದು. ಅದಕ್ಕೆ ಪಾಸ್‌ವರ್ಡ್ ಇಲ್ಲದಿರುವುದರಿಂದ ಉಳಿಸಿಕೊಳ್ಳದಿರುವುದೇ ಒಳ್ಳೆಯದು. ಈಗ ಸೆಟ್ಟಿಂಗ್ಸ್ ತೆರೆಯುತ್ತಿರುವುದರಿಂದ ಅಕೌಂಟ್ಸ್ ವಿಭಾಗಕ್ಕೆ ಹೋಗಿ, ಇತರ ಬಳಕೆದಾರರ ಪಟ್ಟಿಯಲ್ಲಿ ಆ ಹೆಸರನ್ನು ಆರಿಸಿ, ಖಾತೆ ಮತ್ತು ಮಾಹಿತಿಯನ್ನು ತೆಗೆದುಹಾಕುವ ಆಯ್ಕೆಯನ್ನು ಒತ್ತಿ. ನೀವು ಉಳಿಸಿಕೊಂಡ ರಿಜಿಸ್ಟ್ರಿ ಪ್ರತಿಯನ್ನೂ ಕೆಲವು ವಾರಗಳ ನಂತರ ಅಳಿಸಿಬಿಡಿ. ಅದರಲ್ಲಿ ಹಳೆಯ ನಿರ್ಬಂಧವೂ ಸೇರಿದೆ, ಯಾರಾದರೂ ತಿಳಿಯದೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಒಪ್ಪಿಗೆ ಕೊಟ್ಟರೆ ಅದು ಮತ್ತೆ ಜಾರಿಗೆ ಬರುತ್ತದೆ.